ಡೆಕ್ ಮೇಲೆ ಬಂದ ಟೊಯೊಟಾ

ರಷ್ಯಾದಲ್ಲಿ ಗಾಡಿ ಓಡೋದು ರಸ್ತೆಯ ಬಲಕ್ಕೆ. ಹಾಗಿದ್ರೆ ಸ್ಟಿಯರಿಂಗ್ ಎಡಕ್ಕಿರಬೇಕು, ಅಲ್ವಾ? ವ್ಲಾಡಿವೊಸ್ಟಾಕ್‌ನಲ್ಲಿ ಮಾತ್ರ ಬಹುಪಾಲು ಕಾರುಗಳಲ್ಲಿ ನಮ್ಮಲ್ಲಿದ್ದ ಹಾಗೆ ಬಲಕ್ಕೇ ಇರುತ್ತೆ. ಓವರ್‌ಟೇಕ್ ಮಾಡುವಾಗ ಎದುರಿನ ವಾಹನ ಕಾಣೋದೇ ಕಷ್ಟ. ಆದರೂ ಜನ ಬಿಡಲಿಲ್ಲ. ಯಾಕೆ ಅಂತೀರಾ?

ಸೋವಿಯತ್ ಕಾಲದಲ್ಲಿ ಇದು ನೌಕಾನೆಲೆ, ವಿದೇಶಿಯರಿಗೆ ಮುಚ್ಚಿದ್ದ ಊರು. 1992ರಲ್ಲಿ ಬಾಗಿಲು ತೆರೆಯಿತು. ಮಾಸ್ಕೋ ರೈಲಿನಲ್ಲಿ 9,288 ಕಿ.ಮೀ. ದೂರ, ಜಪಾನ್ ಮಾತ್ರ ಸಮುದ್ರದ ಆಚೆ ದಡದಲ್ಲೇ. ನಾವಿಕರು ತೊಯಾಮಾ, ಒತಾರು ಬಂದರುಗಳಲ್ಲಿ ಇಳಿದು, ಹಳೇ ಟೊಯೊಟಾ, ನಿಸಾನ್‌ಗಳ ಬಾನೆಟ್ ಎತ್ತಿ ನೋಡಿ, ಚೌಕಾಸಿ ಮಾಡಿ, ಹಡಗಿನ ಡೆಕ್ ಮೇಲೆ ಹೇರಿಕೊಂಡು ಬರತೊಡಗಿದರು. ಜಪಾನಿನಲ್ಲಿ 'ಶಾಕೆನ್' ಅನ್ನೋ ಕಡ್ಡಾಯ ತಪಾಸಣೆ ಇದೆ. ಅದರ ಖರ್ಚಿಗೆ ಹೆದರಿ ಅಲ್ಲಿನವರು ಗಟ್ಟಿಮುಟ್ಟಾದ ಕಾರನ್ನೂ ಅಗ್ಗಕ್ಕೆ ಮಾರಿಬಿಡೋರು. ಇಲ್ಲಿ ಅದೇ ಎಷ್ಟೋ ಮನೆಗಳ ಅನ್ನವಾಯಿತು: ತರೋರು, ಮಾರೋರು, ರಿಪೇರಿಯವರು.

2008ರ ಕೊನೆಗೆ ಸರ್ಕಾರ ಸ್ವದೇಶಿ ಕಾರ್ಖಾನೆಗಳನ್ನು ಉಳಿಸೋಕೆ ಆಮದು ಸುಂಕ ಏರಿಸಿತು. ಜನ ಬೀದಿಗಿಳಿದರು. ಡಿಸೆಂಬರ್ 21ರಂದು ಅವರನ್ನು ಚದುರಿಸಲು ದೂರದ ಮಾಸ್ಕೋ ಕಡೆಯಿಂದ ವಿಶೇಷ ಪೊಲೀಸರನ್ನೇ ಕರೆಸಬೇಕಾಯಿತು. ಸ್ಥಳೀಯ ಪೊಲೀಸರ ಮನೆ ಮುಂದೆಯೂ ಅಂಥದ್ದೇ ಕಾರು ನಿಂತಿತ್ತೇನೋ ಅನ್ನೋದು ನನ್ನ ಊಹೆ.