ಮನೆಯ ಕೋಣೆ ಮತ್ತು ಧ್ವನಿಮುದ್ರಣ

ಮನೆಯಲ್ಲೇ ಕುಳಿತು ಹಾಡು ಮುದ್ರಿಸುವ ರೂಢಿ ಕಂಪ್ಯೂಟರಿನೊಂದಿಗೆ ಬಂದದ್ದೆಂಬ ಭಾವನೆ ವ್ಯಾಪಕವಾಗಿದ್ದರೂ, ಧ್ವನಿಮುದ್ರಣವು ಮೊದಲು ಕಾಣಿಸಿಕೊಂಡದ್ದೇ ಮನೆಗೆ ಒಗ್ಗುವ ಯಂತ್ರವಾಗಿ. 1877ರಲ್ಲಿ ಥಾಮಸ್ ಎಡಿಸನ್ ರೂಪಿಸಿದ ಫೋನೋಗ್ರಾಫ್ ತನ್ನೆದುರು ಆಡಿದ ಮಾತನ್ನು ತಾನೇ ಗೀರಿಕೊಂಡು ತಾನೇ ಮರಳಿ ನುಡಿಯುತ್ತಿತ್ತು. ತವರದ ಹಾಳೆಯ ಜಾಗಕ್ಕೆ ಮೇಣದ ಉರುಳೆ ಬಂದ ಮೇಲೆ, ಅನುಕೂಲಸ್ಥರ ಮನೆಗಳಲ್ಲಿ ಮಕ್ಕಳ ಮಾತನ್ನೂ ಅತಿಥಿಗಳ ಹಾಡನ್ನೂ ಹಿಡಿದಿಡುವುದು ಒಂದು ವಿನೋದವಾಯಿತು. ಮುದ್ರಿಸುವುದು ಮತ್ತು ನುಡಿಸುವುದು ಎಂಬ ಎರಡು ಕೆಲಸಗಳನ್ನು ಬೇರ್ಪಡಿಸಿದ್ದು ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ ಗ್ರಾಮಫೋನ್. ಅದರ ಚಪ್ಪಟೆ ತಟ್ಟೆಯಿಂದ ಅಚ್ಚು ತೆಗೆದು ಬೇಕಾದಷ್ಟು ಪ್ರತಿಗಳನ್ನು ಒತ್ತಬಹುದಿತ್ತು, ಆದರೆ ಮನೆಗೆ ತಂದ ಯಂತ್ರ ಆ ಪ್ರತಿಗಳನ್ನು ನುಡಿಸಬಲ್ಲದಾಗಿತ್ತೇ ಹೊರತು ಹೊಸದನ್ನು ಮುದ್ರಿಸಬಲ್ಲದಾಗಿರಲಿಲ್ಲ. ತಟ್ಟೆಯ ವ್ಯಾಪಾರ ಗೆದ್ದಂತೆಲ್ಲ, ಮುದ್ರಿಸುವವರು ಬೇರೆ, ಕೇಳುವವರು ಬೇರೆ ಎಂಬ ವ್ಯವಸ್ಥೆ ನೆಲೆಗೊಂಡಿತು. ಮುಂದಿನ ಅರ್ಧ ಶತಮಾನ ಅದನ್ನು ಯಾರೂ ಅಷ್ಟಾಗಿ ಪ್ರಶ್ನಿಸಲಿಲ್ಲ.

ಆ ಕಾಲದ ಮುದ್ರಣಕ್ಕೆ ವಿಶೇಷವಾದ ಕಟ್ಟಡವೇನೂ ಬೇಕಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡದ್ದು ಹೋಟೆಲಿನ ಕೋಣೆಯಲ್ಲಿ. ಗಾಯಕರು ಬಾಯಿ ತಾಗುವಷ್ಟು ಹತ್ತಿರ ನಿಂತು ಹಾಡಬೇಕಾಗಿದ್ದ ಮುದ್ರಣ ಯಂತ್ರದ ತುತ್ತೂರಿಗೆ ದೂರದ ಸದ್ದು ಕೇಳಿಸುತ್ತಲೇ ಇರಲಿಲ್ಲವಾದ್ದರಿಂದ ಕೋಣೆ ಹೇಗಿದ್ದರೂ ನಡೆಯುತ್ತಿತ್ತು. 1925ರಲ್ಲಿ ಮೈಕು ಮತ್ತು ವಿದ್ಯುತ್ ವರ್ಧಕ ಬಂದಾಗ ಪರಿಸ್ಥಿತಿ ತಿರುಗಿತು: ಮೈಕಿಗೆ ಹಾಡುಗಾರರ ಜೊತೆಗೆ ಗೋಡೆ, ಚಾವಣಿ, ಕಿಟಕಿಗಳಿಂದ ಮರಳಿ ಬರುವ ಸದ್ದೂ ಕೇಳಿಸತೊಡಗಿತು. ಅಲ್ಲಿಂದ ಮುಂದೆ ಸ್ಟುಡಿಯೊ ಎಂದರೆ ಯಂತ್ರ ಇಟ್ಟ ಜಾಗ ಎಂಬುದಕ್ಕಿಂತ, ಸದ್ದಿಗೆ ತಕ್ಕಂತೆ ಕಟ್ಟಿದ ಕೋಣೆ ಎಂದಾಯಿತು. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊ 1931ರಲ್ಲಿ ಬಾಗಿಲು ತೆರೆದದ್ದು ಈ ಹೊಸ ಅಗತ್ಯಕ್ಕಾಗಿಯೇ. ಲೋಕಪ್ರಸಿದ್ಧವಾದ ಆ ಸ್ಟುಡಿಯೊದ ಮುಂಭಾಗ ಮಾತ್ರ ಆಗಲೇ ಸುಮಾರು ನೂರು ವರ್ಷ ಹಳೆಯದಾಗಿದ್ದ ಒಂದು ವಾಸದ ಮನೆ ಎಂಬುದು ವಿನೋದದ ಸಂಗತಿ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದನ್ನು ಕನ್ನಡ ನಾಡಿನ ಮನೆ ಸ್ಟುಡಿಯೊಗಳ ಸಾಲಿನಲ್ಲಿ ಮೊದಲಿಗೆ ನೆನೆಯಬಹುದು. ಆದರೆ ಅಲ್ಲಿ ನಡೆದದ್ದು ಪ್ರಸಾರ. ಮುದ್ರಣ ಮನೆಗೆ ಮರಳಲು ಟೇಪಿಗಾಗಿ ಕಾಯಬೇಕಿತ್ತು.

ಕಾಂತೀಯ ಟೇಪು, ಎಂದರೆ ಕಬ್ಬಿಣದ ಆಕ್ಸೈಡಿನ ಪುಡಿ ಲೇಪಿಸಿದ ಪಟ್ಟಿಯ ಮೇಲೆ ಸದ್ದನ್ನು ಅಯಸ್ಕಾಂತದ ಗುರುತಾಗಿ ಬರೆಯುವ ವಿಧಾನ, ಬೆಳೆದದ್ದು ಜರ್ಮನಿಯಲ್ಲಿ. ಎಇಜಿ ಕಂಪನಿ 1935ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶಿಸಿದ ಮ್ಯಾಗ್ನೆಟೊಫೋನನ್ನು ಯುದ್ಧಾನಂತರ ಅಮೆರಿಕದ ಸೇನಾ ತಂತ್ರಜ್ಞ ಜ್ಯಾಕ್ ಮುಲ್ಲಿನ್ ತಾಯ್ನಾಡಿಗೆ ಸಾಗಿಸಿದರು, ಗಾಯಕ ಬಿಂಗ್ ಕ್ರಾಸ್ಬಿ ಹಣ ಹೂಡಿದರು, 1948ರಲ್ಲಿ ಆಂಪೆಕ್ಸ್ ಕಂಪನಿಯ ಯಂತ್ರ ಮಾರುಕಟ್ಟೆಗೆ ಬಂತು. ತಟ್ಟೆಯಲ್ಲಿ ಒಮ್ಮೆ ಕೊರೆದದ್ದನ್ನು ಅಳಿಸುವಂತಿರಲಿಲ್ಲ; ಟೇಪನ್ನಾದರೋ ಅಳಿಸಬಹುದಿತ್ತು, ಕತ್ತರಿಸಿ ಅಂಟಿಸಬಹುದಿತ್ತು, ತಪ್ಪಿದ ಕಡೆ ಮತ್ತೆ ಹಾಡಬಹುದಿತ್ತು. ಕಲಿಯುವವರಿಗೆ ತಪ್ಪು ಅಗ್ಗವಾದದ್ದು ಇಲ್ಲಿಂದ ಮುಂದೆ.

ಮನೆ ಸ್ಟುಡಿಯೊದ ಚರಿತ್ರೆಯಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಸಲ್ಲುವ ಸ್ಥಾನ ಬೇರಾರಿಗೂ ಸಲ್ಲದು. ಟೇಪು ಕೈಗೆ ಸಿಗುವ ಮೊದಲೇ ಅವರು ಹಾಲಿವುಡ್ಡಿನ ತಮ್ಮ ಮನೆಯ ಗ್ಯಾರೇಜಿನಲ್ಲಿ, ಕ್ಯಾಡಿಲಾಕ್ ಕಾರಿನ ಫ್ಲೈವ್ಹೀಲ್ ಬಳಸಿ ಮಾಡಿಕೊಂಡ ತಟ್ಟೆ ಕೊರೆಯುವ ಯಂತ್ರದಿಂದ, ಒಂದು ತಟ್ಟೆಯನ್ನು ನುಡಿಸುತ್ತ ಅದರ ಜೊತೆ ತಾವೂ ನುಡಿಸಿ ಎರಡನ್ನೂ ಇನ್ನೊಂದು ತಟ್ಟೆಗೆ ಇಳಿಸುವ ಕ್ರಮ ರೂಢಿಸಿಕೊಂಡಿದ್ದರು. 1948ರಲ್ಲಿ ಬಂದ 'ಲವರ್' ಮುದ್ರಿಕೆಯಲ್ಲಿ ಕೇಳುವ ಗಿಟಾರುಗಳೆಲ್ಲ ಅವರೊಬ್ಬರವೇ. ಕ್ರಾಸ್ಬಿ ಕೊಡಿಸಿದ ಆಂಪೆಕ್ಸ್ ಯಂತ್ರ ಬಂದ ಮೇಲೆ ಅವರು ಅದಕ್ಕೆ ಇನ್ನೊಂದು ಹೆಡ್ಡು, ಎಂದರೆ ಟೇಪನ್ನು ಓದುವ ಭಾಗ, ಜೋಡಿಸಿದರು. ಹಳೆಯ ನಾದವನ್ನು ಆ ಹೆಡ್ಡು ಮೊದಲು ಓದಿಕೊಳ್ಳುತ್ತಿತ್ತು, ಅದರ ಹಿಂದೆಯೇ ಟೇಪು ಅಳಿಸಿಹೋಗುತ್ತಿತ್ತು, ಓದಿಕೊಂಡದ್ದು ಹೊಸ ವಾದನದೊಂದಿಗೆ ಬೆರೆತು ಅದೇ ಟೇಪಿನ ಮೇಲೆ ಮತ್ತೆ ಮುದ್ರಿತವಾಗುತ್ತಿತ್ತು. ಹತ್ತನೆಯ ಪದರದಲ್ಲಿ ಒಂದು ಸ್ವರ ತಪ್ಪಿದರೆ ಹಿಂದಿನ ಒಂಬತ್ತೂ ಹೋದಂತೆಯೇ. ಈ ಕ್ರಮದಲ್ಲಿ ಪತ್ನಿ ಮೇರಿ ಫೋರ್ಡ್ ಅವರೊಂದಿಗೆ ಮನೆಯಲ್ಲೇ ಮುದ್ರಿಸಿದ 'ಹೌ ಹೈ ದ ಮೂನ್' 1951ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು.

ಪದರ ಜೋಡಿಸಿದ ಚಮತ್ಕಾರದಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಗಾಯಕರು ಮೈಕಿನಿಂದ ಎರಡು ಅಡಿಯಾದರೂ ದೂರ ನಿಲ್ಲಬೇಕೆಂಬುದು ಆಗಿನ ಸ್ಟುಡಿಯೊಗಳ ನಿಯಮವಾಗಿದ್ದರೆ, ಮೇರಿ ಫೋರ್ಡ್ ಮೈಕಿಗೆ ಕೆಲವೇ ಅಂಗುಲ ದೂರದಲ್ಲಿ ಹಾಡುತ್ತಿದ್ದರು. ಬಾಯಿ ಹತ್ತಿರವಾದಷ್ಟೂ ನೇರವಾಗಿ ಬರುವ ದನಿ ಜೋರಾಗುತ್ತದೆ, ಗೋಡೆಯಿಂದ ಮರಳುವ ಸದ್ದು ಇದ್ದಷ್ಟೇ ಇರುತ್ತದೆ; ಪರಿಣಾಮವಾಗಿ ಮುದ್ರಿಕೆಯಲ್ಲಿ ಕೋಣೆಯ ಪಾಲು ಕುಗ್ಗುತ್ತದೆ. ಮನೆ ಸ್ಟುಡಿಯೊದ ಮುಂದಿನ ಉಪಾಯಗಳಲ್ಲಿ ಬಹುಪಾಲು ಈ ಒಂದು ಉದ್ದೇಶದ ಸುತ್ತಲೇ ಬೆಳೆದವು, ಎಂದರೆ ಮನೆಯಲ್ಲಿ ಹಾಡಿದರೂ ಮನೆಯ ಸದ್ದು ಹಾಡಿಗೆ ಬೆರೆಯದಂತೆ ನೋಡಿಕೊಳ್ಳುವುದು.

ಇದಕ್ಕೆ ಅಪವಾದ ಲಂಡನ್ನಿನ ಜೋ ಮೀಕ್. ಹಾಲೊವೇ ರಸ್ತೆಯ 304ನೇ ಸಂಖ್ಯೆಯ ಕಟ್ಟಡದಲ್ಲಿ, ಚರ್ಮದ ಸಾಮಾನಿನ ಅಂಗಡಿಯೊಂದರ ಮೇಲಿನ ಬಾಡಿಗೆ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಅವರು ಮನೆಯನ್ನು ಅಡಗಿಸುವ ಬದಲು ಬಳಸಿಕೊಂಡರು: ಬಚ್ಚಲಮನೆ ಅವರ ಪ್ರತಿಧ್ವನಿಯ ಕೋಣೆಯಾಯಿತು, 1964ರ 'ಹ್ಯಾವ್ ಐ ದ ರೈಟ್' ಗೀತೆಯಲ್ಲಿ ತಾಳಕ್ಕೆ ಸರಿಯಾಗಿ ಬರುವ ದಡದಡ ಸದ್ದು ವಾದ್ಯವೃಂದದವರೇ ಮರದ ಮೆಟ್ಟಿಲ ಮೇಲೆ ಕಾಲು ಬಡಿದದ್ದು, ಅದನ್ನು ಹಿಡಿಯಲು ಮೈಕುಗಳನ್ನು ಸೈಕಲ್ ಕ್ಲಿಪ್ಪಿನಿಂದ ಮೆಟ್ಟಿಲ ಕಟಕಟೆಗೆ ಸಿಕ್ಕಿಸಲಾಗಿತ್ತು. ಇದೇ ಮನೆಯಲ್ಲಿ ರೂಪುಗೊಂಡ 'ಟೆಲ್‌ಸ್ಟಾರ್' 1962ರಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಪಟ್ಟಿಯ ತುದಿಗೇರಿತು. ಹೀಗಿದ್ದೂ ಮೀಕ್ ಅವರ ದಾರಿಯನ್ನು ಹಿಡಿದವರು ಕಡಿಮೆ, ಏಕೆಂದರೆ ಅದಕ್ಕೆ ಯಂತ್ರಕ್ಕಿಂತ ಹೆಚ್ಚಾಗಿ ಕಿವಿ ಬೇಕಿತ್ತು.

ಈವರೆಗಿನವರೆಲ್ಲ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲ ನುರಿತವರು. ಅಂಥ ವಿದ್ಯೆಯಿಲ್ಲದ ಹೊಸಬರ ಕೈಗೆ ಸ್ಟುಡಿಯೊ ಬಂದದ್ದು 1979ರಲ್ಲಿ, ಜಪಾನಿನ ಟೀಯಾಕ್ ಕಂಪನಿಯ ಟ್ಯಾಸ್ಕಾಮ್ ವಿಭಾಗ ಹೊರತಂದ ಪೋರ್ಟಾಸ್ಟುಡಿಯೊ 144 ಎಂಬ ಪೆಟ್ಟಿಗೆಯಿಂದ. ಫಿಲಿಪ್ಸ್ ಕಂಪನಿ 1963ರಲ್ಲಿ ತೋರಿಸಿದ ಸಾಮಾನ್ಯ ಕ್ಯಾಸೆಟ್ಟೇ ಅದರ ಆಧಾರ. ಮನೆಬಳಕೆಯ ಯಂತ್ರದಲ್ಲಿ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಎರಡು, ಮಗುಚಿದರೆ ಇನ್ನೆರಡು ಟ್ರ್ಯಾಕುಗಳಿರುತ್ತವೆ, ಟ್ರ್ಯಾಕು ಎಂದರೆ ಟೇಪಿನ ಉದ್ದಕ್ಕೂ ಸಾಗುವ ಒಂದು ಪ್ರತ್ಯೇಕ ಸಾಲು. ಪೋರ್ಟಾಸ್ಟುಡಿಯೊ ಈ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸಿ, ಟೇಪನ್ನು ಎರಡರಷ್ಟು ವೇಗದಲ್ಲಿ ಓಡಿಸಿತು. ನಾಲ್ಕಕ್ಕಿಂತ ಹೆಚ್ಚು ಪದರ ಬೇಕಾದವರು ಮೂರನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಿ, ಖಾಲಿಯಾದ ಮೂರರಲ್ಲಿ ಮುಂದುವರಿಯುತ್ತಿದ್ದರು, ಪ್ರತಿ ಬಾರಿಯೂ ಟೇಪಿನ 'ಸ್‌ಸ್' ಎನ್ನುವ ಸದ್ದು ಒಂದಿಷ್ಟು ಏರುತ್ತಿತ್ತು. ಒಟ್ಟು ಅಗಲವೇ 3.81 ಮಿಲಿಮೀಟರ್ ಇರುವ ಪಟ್ಟಿಯಲ್ಲಿ ನಾಲ್ಕು ಸಾಲುಗಳನ್ನು ತುಂಬಿದರೆ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವಂತಿರಲಿಲ್ಲ. ಆದರೂ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಈ ಪೆಟ್ಟಿಗೆ ಮತ್ತು ಎರಡು ಸಾಧಾರಣ ಮೈಕುಗಳಿಂದ ಮಾಡಿಕೊಂಡ ಕರಡು ಮುದ್ರಿಕೆ, ಅದೇ ಹಾಡುಗಳನ್ನು ವಾದ್ಯವೃಂದದೊಂದಿಗೆ ಸ್ಟುಡಿಯೊದಲ್ಲಿ ಮತ್ತೆ ಮುದ್ರಿಸಿದರೂ ಸರಿಕಾಣದೆ, 'ನೆಬ್ರಾಸ್ಕಾ' ಎಂಬ ಹೆಸರಿನಲ್ಲಿ ಆ ವರ್ಷವೇ ಬಿಡುಗಡೆಯಾಯಿತು. ಕರಡೆಂದು ಮಾಡಿದ್ದು ಅಂತಿಮ ಪ್ರತಿಯಾಗಬಹುದೆಂಬ ಧೈರ್ಯ ಹೊಸಬರಿಗೆ ಬಂದದ್ದರಲ್ಲಿ ಈ ಒಂದು ಉದಾಹರಣೆಯ ಪಾತ್ರ ದೊಡ್ಡದು.

ಭಾರತದಲ್ಲಿ ಕ್ಯಾಸೆಟ್ಟು ಮೊದಲು ಬದಲಿಸಿದ್ದು ಮುದ್ರಣವನ್ನಲ್ಲ, ಮಾರಾಟವನ್ನು. ಗ್ರಾಮಫೋನ್ ತಟ್ಟೆಯ ಕಾರ್ಖಾನೆಗೆ ಬೇಕಾದ ಬಂಡವಾಳ ಕ್ಯಾಸೆಟ್ಟಿಗೆ ಬೇಕಿಲ್ಲದ್ದರಿಂದ ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಕನ್ನಡದಲ್ಲಿ ಭಾವಗೀತೆ, ದೇವರನಾಮ, ಹರಿಕಥೆ, ಯಕ್ಷಗಾನಗಳು ಕ್ಯಾಸೆಟ್ಟಿನ ಮೂಲಕ ಹೊಸ ಕೇಳುಗರನ್ನು ಪಡೆದವು. ಮುದ್ರಣ ಮಾತ್ರ ಬಹುಕಾಲ ಸ್ಟುಡಿಯೊಗಳಲ್ಲೇ ಉಳಿಯಿತು, ಕನ್ನಡ ಚಿತ್ರಗೀತೆಗಳಿಗಾಗಿ ಮದರಾಸಿಗೆ ಹೋಗುವುದು ದಶಕಗಳ ವಾಡಿಕೆಯಾಗಿತ್ತು. ಅದೇ ಮದರಾಸಿನಲ್ಲಿ ಎ. ಆರ್. ರಹಮಾನ್ ತಮ್ಮ ಮನೆಯ ಹಿತ್ತಲಿನಲ್ಲಿ ಕಟ್ಟಿಸಿಕೊಂಡ 'ಪಂಚತನ್ ರೆಕಾರ್ಡ್ ಇನ್'ನಲ್ಲಿ ಜಾಹೀರಾತು ಗೀತೆಗಳಿಂದ ಆರಂಭಿಸಿ 1992ರ 'ರೋಜಾ'ದವರೆಗೆ ಸಾಗಿದ್ದು, ಚಿತ್ರಸಂಗೀತಕ್ಕೆ ಎಲ್ಲರೂ ಒಂದೆಡೆ ಸೇರಲೇಬೇಕೆಂಬ ನಂಬಿಕೆಯನ್ನು ಸಡಿಲಿಸಿತು. ಇಂಥ ಮನೆ ಸ್ಟುಡಿಯೊಗಳಿಗೆ ನೆರವಾದ, 1983ರಲ್ಲಿ ಜಾರಿಗೆ ಬಂದ ಮಿಡಿ ಎಂಬ ಸಂಕೇತ ವ್ಯವಸ್ಥೆ, ಯಾವ ಸ್ವರವನ್ನು ಯಾವಾಗ ಎಷ್ಟು ಒತ್ತಿ ನುಡಿಸಲಾಯಿತು ಎಂಬ ವಿವರವನ್ನಷ್ಟೇ ಒಂದು ಕೀಬೋರ್ಡಿನಿಂದ ಇನ್ನೊಂದಕ್ಕೆ ಅಥವಾ ಕಂಪ್ಯೂಟರಿಗೆ ಸಾಗಿಸುತ್ತದೆ. ಸದ್ದೇ ಇಲ್ಲದ ಈ ಸಂಗೀತಕ್ಕೆ ಕೋಣೆಯ ಹಂಗೂ ಇರಲಿಲ್ಲ.

ಉಳಿದದ್ದು ಬೆಲೆ ಇಳಿದ ಕಥೆ. 1992ರಲ್ಲಿ ಅಲೆಸಿಸ್ ಕಂಪನಿಯ ಎಡಾಟ್ ಯಂತ್ರ ಎಂಟು ಟ್ರ್ಯಾಕುಗಳ ಡಿಜಿಟಲ್ ಮುದ್ರಣವನ್ನು ವಿಡಿಯೊ ಕ್ಯಾಸೆಟ್ಟಿನ ಮೇಲೆ ಸಾಧಿಸಿತು. ಆ ದಶಕ ಮುಗಿಯುವ ಮೊದಲೇ ಟೇಪಿನ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡಿತು. ಇಂದು ಹೊಸಬರು ಮೊದಲು ಕೊಳ್ಳುವ ಆಡಿಯೊ ಇಂಟರ್‌ಫೇಸ್, ಎಂದರೆ ಮೈಕಿನ ವಿದ್ಯುತ್ ಸಂಕೇತವನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವ ಅಂಗೈಯಗಲದ ಪೆಟ್ಟಿಗೆ, ಈ ಇಡೀ ಚರಿತ್ರೆಯ ಗುರುತುಗಳನ್ನು ಹೊತ್ತಿದೆ. ಅದರ ಮೇಲೆ '48 ವಿ' ಎಂದು ಬರೆದ ಗುಂಡಿ ಕಂಡೆನ್ಸರ್ ಮೈಕಿಗೆ ತಂತಿಯ ಮೂಲಕವೇ ವಿದ್ಯುತ್ ಹರಿಸುತ್ತದೆ. 1966ರಲ್ಲಿ ನಾರ್ವೆಯ ಬಾನುಲಿಗಾಗಿ ನಾಯ್‌ಮನ್ ಕಂಪನಿ ಮೈಕು ಸಿದ್ಧಪಡಿಸುವಾಗ ಅಲ್ಲಿನ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ವಿದ್ಯುತ್ ಆಗಲೇ ಇದ್ದದ್ದರಿಂದ ಆ ಅಂಕಿಯೇ ಗಟ್ಟಿಯಾಯಿತು. ಹಾಡುಗಾರರು ತಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ಕೇಳುವಾಗ ಆಗುವ ಅಲ್ಪ ವಿಳಂಬ ಈ ಪೆಟ್ಟಿಗೆಯ ಒಂದು ತೊಡಕು. ಸೆಕೆಂಡಿಗೆ 44,100 ಮಾದರಿಗಳನ್ನು ತೆಗೆಯುವ ಯಂತ್ರ 256 ಮಾದರಿಗಳನ್ನು ಒಟ್ಟುಗೂಡಿಸಿ ಸಾಗಿಸಿದರೆ ಒಂದು ದಿಕ್ಕಿಗೆ ಸುಮಾರು 5.8 ಮಿಲಿಸೆಕೆಂಡು ತಡವಾಗುತ್ತದೆ, ಇದು ಎರಡು ಮೀಟರ್ ಆಚೆ ಕುಳಿತವರ ದನಿ ತಲುಪಲು ಬೇಕಾದಷ್ಟೇ ಸಮಯ.

ಯಂತ್ರ ಅಗ್ಗವಾಯಿತು, ಕೋಣೆ ಆಗಲಿಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲದ ಸಾಮಾನ್ಯ ಮಲಗುವ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ಕಂಪನ ಮತ್ತು ಅದರ ಎರಡರಷ್ಟಾದ 112 ಹರ್ಟ್ಸ್ ಸುತ್ತ ಸದ್ದು ನಿಂತ ಅಲೆಯಾಗಿ ಉಬ್ಬುತ್ತದೆ. ಉದ್ದ ಮತ್ತು ಅಗಲ ಸಮವಾಗಿದ್ದರೆ ಎರಡೂ ದಿಕ್ಕಿನ ಉಬ್ಬು ಒಂದೇ ಕಡೆ ಸೇರಿ, ಕೆಲವು ಮಂದ್ರ ಸ್ವರಗಳು ಗುಂಯ್ಗುಟ್ಟಿ, ಪಕ್ಕದ ಸ್ವರಗಳು ಮಾಯವಾಗುತ್ತವೆ. 56 ಹರ್ಟ್ಸಿನ ಅಲೆಯ ಉದ್ದ ಇಪ್ಪತ್ತಡಿಯಷ್ಟಿರುವುದರಿಂದ ಗೋಡೆಗೆ ಅಂಟಿಸುವ ಒಂದಂಗುಲದ ಸ್ಪಂಜು ಅದನ್ನು ಏನೂ ಮಾಡಲಾರದು. ಮೊಟ್ಟೆಯ ರಟ್ಟಿನ ತಟ್ಟೆಗಳಂತೂ ಕೇವಲ ಸಮಾಧಾನಕ್ಕೆ. ಮೂಲೆಗಳಲ್ಲಿ ದಪ್ಪನಾಗಿ ಜೋಡಿಸಿದ ಖನಿಜ ಉಣ್ಣೆಯ ಚೌಕಟ್ಟುಗಳು, ಹತ್ತಿಯ ಹಾಸಿಗೆ, ತುಂಬಿದ ಪುಸ್ತಕದ ಕಪಾಟು ಇವು ಒಂದಿಷ್ಟು ನೆರವಾಗುತ್ತವೆ. ವೃತ್ತಿ ಸ್ಟುಡಿಯೊಗಳೂ ಇದೇ ಕಾಟಕ್ಕೆ ಮಣಿದದ್ದುಂಟು: ಯಮಾಹಾ ಕಂಪನಿ 1978ರಲ್ಲಿ ಮನೆಗಳಿಗೆಂದು ಮಾಡಿದ ಎನ್‌ಎಸ್-10 ಸ್ಪೀಕರನ್ನು ಅವು ಮಿಕ್ಸಿಂಗ್ ಮೇಜಿನ ಮೇಲೆಯೇ ಇರಿಸಿಕೊಂಡವು, ಏಕೆಂದರೆ ಹತ್ತಿರದ ಸ್ಪೀಕರಿನಲ್ಲಿ ಕೋಣೆಯ ಪಾಲು ಕಡಿಮೆ. ಅದರ ಕೀರಲು ದನಿಯನ್ನು ತಗ್ಗಿಸಲು ತಂತ್ರಜ್ಞರು ತಾರ ಸ್ವರಗಳನ್ನು ನುಡಿಸುವ ಅದರ ಚಿಕ್ಕ ಭಾಗದ ಎದುರು ಟಿಶ್ಯೂ ಕಾಗದ ಅಂಟಿಸುತ್ತಿದ್ದರು.

ಹೀಗೆ ಕೋಣೆಯನ್ನು ಹೊರಗಿಡುವ ಕ್ರಮ, ಒಬ್ಬೊಬ್ಬರನ್ನೇ ಪದರ ಪದರವಾಗಿ ಮುದ್ರಿಸುವ ಕ್ರಮ, ಇವೆರಡೂ ಗಿಟಾರು ಮತ್ತು ಕೀಬೋರ್ಡಿನ ಸಂಗೀತಕ್ಕೆ ಒಗ್ಗಿದಷ್ಟು ಕಛೇರಿ ಸಂಗೀತಕ್ಕೆ ಒಗ್ಗಿಲ್ಲ. ಮೃದಂಗದವರು ಗಾಯಕರ ಮುಖ ನೋಡುತ್ತ ನಡೆ ಬದಲಿಸುವ, ಪಿಟೀಲಿನವರು ಅರ್ಧ ಹೆಜ್ಜೆ ಹಿಂದೆ ಹಿಂಬಾಲಿಸುವ ವಿದ್ಯೆ, ಮೊದಲೇ ಮುದ್ರಿತವಾದ ಹಾಡನ್ನು ಹೆಡ್‌ಫೋನಿನಲ್ಲಿ ಕೇಳುತ್ತ ನುಡಿಸುವಾಗ ಬರಿಯ ಲೆಕ್ಕಾಚಾರವಾಗುತ್ತದೆ. ಕಲ್ಪನಾಸ್ವರದ ಸವಾಲು ಜವಾಬಿಗಂತೂ ಅರ್ಥವೇ ಉಳಿಯುವುದಿಲ್ಲ. ಹೀಗಾಗಿ ಮನೆಯಲ್ಲಿ ಇಂಥ ಸಂಗೀತವನ್ನು ಮುದ್ರಿಸುವವರು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಒಂದು ಕಡೆಯ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕುಗಳ ಬೆನ್ನನ್ನು ಪಕ್ಕದ ವಾದ್ಯಕ್ಕೆ ತಿರುಗಿಸಿ, ಮೃದಂಗದ ನಾದ ಗಾಯಕರ ಮೈಕಿನೊಳಗೆ ಅಷ್ಟಿಷ್ಟು ಬರುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಆಮೇಲೆ ಗಾಯಕರ ಒಂದು ಅಪಸ್ವರವನ್ನು ತಿದ್ದಹೊರಟರೆ ಮೃದಂಗವೂ ಅಲ್ಲಾಡುತ್ತದೆಯಾದ್ದರಿಂದ, ಇಡೀ ಪಲ್ಲವಿಯನ್ನು ಎಲ್ಲರೂ ಕೂಡಿ ಮತ್ತೊಮ್ಮೆ ನುಡಿಸುವುದೇ ಸುಲಭ.