ಖಾಸಗಿ ಬಾಹ್ಯಾಕಾಶ ನೌಕೆಗಳು: ಬಂಡವಾಳದ ಷರತ್ತು ಮತ್ತು ವಿನ್ಯಾಸದ ಸ್ವರೂಪ

ಪ್ರಸ್ತಾವನೆ

ನಾಗರಿಕರನ್ನು ಬಾಹ್ಯಾಕಾಶಕ್ಕೆ ಒಯ್ಯುವ ಖಾಸಗಿ ನೌಕೆಗಳ ಚರ್ಚೆ ಬಹುಮಟ್ಟಿಗೆ ತಂತ್ರಜ್ಞಾನದ ಸುತ್ತಲೇ ನಡೆದಿದೆ. ಹಣ ಹೂಡಿದವರು ಯಾರು, ಯಾವ ಷರತ್ತಿಗೆ ಹೂಡಿದರು ಎಂಬುದೇ ನೌಕೆಯ ವಿನ್ಯಾಸವನ್ನೂ ಅದರ ಬಾಳಿಕೆಯನ್ನೂ ಬಹುಪಾಲು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ. ಅಮೆರಿಕದ ಮೂರು ನಿದರ್ಶನಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬಹುಮಾನದ ಹಣ

1996ರಲ್ಲಿ ಪೀಟರ್ ಡಯಾಮಾಂಡಿಸ್ ಘೋಷಿಸಿದ, ಮುಂದೆ ಅನ್ಸಾರಿ ಕುಟುಂಬದ ಹೆಸರು ಪಡೆದ ಎಕ್ಸ್ ಪ್ರೈಜ್‌ನ ಮೊತ್ತ 1 ಕೋಟಿ ಡಾಲರ್. ಸರ್ಕಾರದ ನೆರವಿಲ್ಲದೆ ಕಟ್ಟಿದ, ಮೂವರನ್ನು ಹೊರಬಲ್ಲ ನೌಕೆಯೊಂದು ಎರಡು ವಾರದೊಳಗೆ ಎರಡು ಸಲ 100 ಕಿ.ಮೀ. ಎತ್ತರ ಮುಟ್ಟಬೇಕಿತ್ತು. ಬರ್ಟ್ ರುಟಾನ್ ವಿನ್ಯಾಸಗೊಳಿಸಿದ ಸ್ಪೇಸ್‌ಶಿಪ್‌ವನ್ 2004ರ ಸೆಪ್ಟೆಂಬರ್ 29 ಮತ್ತು ಅಕ್ಟೋಬರ್ 4ರಂದು ಹಾರಿ ಅದನ್ನು ಗೆದ್ದಿತು. ಆದರೆ ಮೈಕ್ರೋಸಾಫ್ಟ್ ಸಹಸ್ಥಾಪಕ ಪಾಲ್ ಆಲನ್ ಇದಕ್ಕೆ ಸುರಿದ ಹಣ ಬಹುಮಾನದ ಎರಡು ಪಟ್ಟಿಗೂ ಹೆಚ್ಚು. ಬಹುಮಾನ ಒದಗಿಸಿದ್ದು ಗುರಿ ಮತ್ತು ಗಡುವನ್ನು ಮಾತ್ರ. ನೌಕೆಯೂ ಷರತ್ತಿನ ಅಳತೆಗೇ ಹೊಲಿದಂತಿತ್ತು: ಮೂರು ಆಸನ, ಕೆಲವೇ ನಿಮಿಷಗಳ ತೂಕರಹಿತ ಸ್ಥಿತಿ, ಕಕ್ಷೆ ಸೇರುವ ಶಕ್ತಿಯಿಲ್ಲ.

ಮುಂಗಡ ಮತ್ತು ಷೇರು

ಇದೇ ವಿನ್ಯಾಸವನ್ನು ಹಿಗ್ಗಿಸಿ ಆರು ಪ್ರಯಾಣಿಕರ ನೌಕೆ ಮಾಡಲು ರಿಚರ್ಡ್ ಬ್ರಾನ್ಸನ್ ಅವರ ವರ್ಜಿನ್ ಗ್ಯಾಲಕ್ಟಿಕ್ ಹೊರಟಿತು. ಟಿಕೆಟ್ ಮುಂಗಡ, ಅಬುಧಾಬಿಯ ಹೂಡಿಕೆ, 2019ರಿಂದ ಷೇರುಪೇಟೆ ಅದರ ಹಣದ ಮೂಲಗಳು. ಉಡ್ಡಯನ ನೆಲೆಯನ್ನು ನ್ಯೂ ಮೆಕ್ಸಿಕೋ ರಾಜ್ಯ ಸಾರ್ವಜನಿಕ ಹಣದಲ್ಲಿ ಕಟ್ಟಿಕೊಟ್ಟಿತು. 2014ರ ಅಕ್ಟೋಬರ್ 31ರ ಪರೀಕ್ಷಾ ಹಾರಾಟದಲ್ಲಿ ನೌಕೆ ಆಕಾಶದಲ್ಲೇ ಒಡೆದು ಸಹಪೈಲಟ್ ಮೃತಪಟ್ಟರು. ಇಳಿಯುವಾಗ ವೇಗ ತಗ್ಗಿಸಲೆಂದು ಮೇಲಕ್ಕೆ ಮಡಚಿಕೊಳ್ಳುವ ಬಾಲದ ಭಾಗಕ್ಕೆ ಒಂದು ಚಿಲಕವಿತ್ತು. ಶಬ್ದದ 1.4 ಪಟ್ಟು ವೇಗ ಮುಟ್ಟಿದ ಮೇಲೆ ತೆಗೆಯಬೇಕಿದ್ದ ಅದನ್ನು ಶಬ್ದವೇಗ ದಾಟುವ ಮೊದಲೇ ತೆಗೆಯಲಾಗಿತ್ತು. ಒಬ್ಬರ ಒಂದೇ ತಪ್ಪು ದುರಂತವಾಗದಂತೆ ನಿರ್ಮಾಣ ಸಂಸ್ಥೆ ಮುನ್ನೆಚ್ಚರಿಕೆ ವಹಿಸಿರಲಿಲ್ಲ ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ವಾಣಿಜ್ಯ ಹಾರಾಟ ಶುರುವಾದದ್ದು 2023ರ ಜೂನ್‌ನಲ್ಲಿ; ಮರುವರ್ಷದ ಜೂನ್‌ನಲ್ಲಿ ಆ ಮಾದರಿಯ ಕೊನೆಯ ಹಾರಾಟವೂ ಮುಗಿಯಿತು.

ನಿಗದಿತ ಬೆಲೆಯ ಗುತ್ತಿಗೆ

ನಾಸಾ 2014ರಲ್ಲಿ ಗಗನಯಾತ್ರಿಗಳನ್ನು ಒಯ್ಯುವ ನೌಕೆಗಳಿಗಾಗಿ ಬೋಯಿಂಗ್‌ಗೆ 420 ಕೋಟಿ, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್‌ಗಳ ಗುತ್ತಿಗೆ ನೀಡಿತು. ಹಂತ ಮುಗಿದಂತೆ ಹಣ ಪಾವತಿ. ಮೀರಿದ ವೆಚ್ಚ ಕಂಪನಿಯದು, ನೌಕೆಯ ಒಡೆತನವೂ ಅದರದೇ. 2020ರಲ್ಲಿ ನಾಸಾದ ಗಗನಯಾತ್ರಿಗಳನ್ನು ಒಯ್ಯತೊಡಗಿದ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ನೌಕೆ, 2021ರ ಸೆಪ್ಟೆಂಬರ್‌ನಲ್ಲಿ ನಾಲ್ವರು ಖಾಸಗಿ ಪ್ರಯಾಣಿಕರನ್ನು ಹೊತ್ತು ಸುಮಾರು ಮೂರು ದಿನ ಭೂಮಿಯನ್ನು ಸುತ್ತಿತು. ಅದೇ ಬಗೆಯ ಗುತ್ತಿಗೆಯಲ್ಲಿ ಬೋಯಿಂಗ್ 150 ಕೋಟಿ ಡಾಲರ್‌ಗೂ ಮೀರಿದ ನಷ್ಟ ಕಂಡಿತು. ಗುತ್ತಿಗೆ ಯಶಸ್ಸಿಗೆ ಖಾತರಿ ಕೊಡಲಿಲ್ಲ. ನಷ್ಟ ಯಾರ ತಲೆಗೆ ಎಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಿತ್ತು.

ಸಮಾರೋಪ

ಹಣದ ಹೊಣೆ ಹೀಗೆ ಸ್ಪಷ್ಟವಾದರೂ ಪ್ರಾಣದ ಹೊಣೆ ಪ್ರಯಾಣಿಕನ ಮೇಲೆಯೇ ಉಳಿದಿದೆ. ಪ್ರಯಾಣಿಕರ ಸುರಕ್ಷತೆಗೆ ನಿಯಮ ರೂಪಿಸದಂತೆ 2004ರ ಅಮೆರಿಕದ ಕಾಯ್ದೆ ಸರ್ಕಾರಿ ನಿಯಂತ್ರಕರ ಕೈಕಟ್ಟಿತು. ಅಪಾಯ ತಿಳಿದು ಒಪ್ಪಿದ್ದೇನೆ ಎಂಬ ಸಹಿಯಷ್ಟೇ ಸಾಕು. ಈ ನಿರ್ಬಂಧ ಮತ್ತೆ ಮತ್ತೆ ವಿಸ್ತರಣೆಗೊಂಡಿದೆ. ಭಾರತವೂ 2023ರ ನೀತಿಯ ಮೂಲಕ ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದಿದೆ. ಬಾಹ್ಯಾಕಾಶ ಕಾಯ್ದೆ ರೂಪಿಸುವಾಗ ಹೂಡಿಕೆಯ ಷರತ್ತುಗಳ ಜೊತೆಗೇ ಪ್ರಯಾಣಿಕನ ಸುರಕ್ಷತೆಯ ಹೊಣೆಯನ್ನೂ ನಮ್ಮ ಶಾಸನಕರ್ತರು ನಿಗದಿಪಡಿಸಬೇಕು.