ಉಳ್ಳಾರ್ತಿ ಕಾವಲಿನ ನೇಮ

ಉಳ್ಳಾರ್ತಿ ಕಾವಲ್ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಹುಲ್ಲುಗಾವಲುಗಳಲ್ಲೊಂದು. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಆ ಹೆಸರನ್ನು ‘ಅಮೃತಮಹಲ್’ ಎಂದು ಬದಲಿಸಿದವನು ಟಿಪ್ಪು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ಕಾಲ ತಿರುಗಿದಂತೆ ಮಂದೆ ಸಾಗುತ್ತಿತ್ತು, ಮೇಯ್ದ ನೆಲಕ್ಕೆ ಮತ್ತೆ ಚಿಗುರಲು ಬಿಡುವು ಸಿಗುತ್ತಿತ್ತು.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಪಶುಪಾಲಕ ಸಮುದಾಯವಾದ ಮ್ಯಾಸನಾಯಕರು ಇನ್ನೂ ಕಟ್ಟುನಿಟ್ಟಿನ ನೇಮವನ್ನು ತಾವೇ ಹಾಕಿಕೊಂಡವರು. ಅವರ ದೇವರ ಎತ್ತುಗಳಿಗೆ ನೊಗ ಕಟ್ಟುವುದಿಲ್ಲ, ಅವುಗಳನ್ನು ಮಾರುವುದಿಲ್ಲ. ಹಗಲಿರುಳು ಕಾಯುವ ಹೊಣೆ ಕಿಲಾರಿಯದು. ಹೆಂಡ, ಕೋಳಿ, ಹಂದಿ ಮಾಂಸ ಸಂಪ್ರದಾಯಸ್ಥರಿಗೆ ವರ್ಜ್ಯ. ಏನು ಬೇಡವೆಂಬುದನ್ನು ಮೊದಲೇ ತೀರ್ಮಾನಿಸಿಕೊಂಡು, ಆ ಮಿತಿಯೊಳಗೇ ನೆಮ್ಮದಿ ಕಂಡ ಬದುಕು ಇದು. ಬಿಡುವಿಲ್ಲದ ಇಂದಿನ ಜೀವನ ಅರಸುತ್ತಿರುವ ಹಿಡಿತ ಈ ಬಯಲುಸೀಮೆಯಲ್ಲಿ ತಲೆಮಾರುಗಳಿಂದ ರೂಢಿಯಲ್ಲಿದೆ, ಅದು ಗೌರವಕ್ಕೆ ಅರ್ಹವಾದುದು.

ಸುತ್ತಲಿನ ಕುರಿಗಾರರೂ ಕಂಬಳಿ ನೇಯುವವರೂ ಈ ಕಾವಲುಗಳ ಹುಲ್ಲನ್ನೇ ನಂಬಿದ್ದರು. 2009ರ ನಂತರ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹಂಚಿಕೆಯಾಯಿತು. ಉಳ್ಳಾರ್ತಿಯ ನೆಲ ಕೊನೆಯ ಎರಡರ ಪಾಲಾಯಿತು. ಮೇವಿನ ಹಕ್ಕಿನ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.